ಎಣಿಸಿದವರು ಯಾರು?

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ, ಸೇನೆಯಿಂದ ನಿವೃತ್ತರಾದ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣ)



ನಾನು ಸೇನೆಯ ಇಎಂಇ ವಿಭಾಗದಲ್ಲಿ 24 ವರ್ಷ ಇದ್ದವನು. ಟ್ಯಾಂಕು, ಫಿರಂಗಿ, ಲಾರಿ ರಿಪೇರಿ ಮಾಡುವುದು ನಮ್ಮ ಕೆಲಸ. ಯುದ್ಧದ ಕಥೆ ಹೇಳುತ್ತೇನೆಂದು ನೀವು ಕಾದಿರಬಹುದು. ನಾನು ಹೇಳುವುದು ಯುದ್ಧ ಸಾಮಗ್ರಿಯ ಬಗ್ಗೆ ಬರುವ ಸುದ್ದಿಯ ಕಥೆ. ಅದು ಶುರುವಾದದ್ದು ಇದೇ ಶಾಲೆಯ ಅಂಗಳದಲ್ಲಿ.

ನಮ್ಮ ಕಾಲದಲ್ಲಿ ಪ್ರಾರ್ಥನೆ ಮುಗಿದ ಮೇಲೆ ಒಬ್ಬ ವಿದ್ಯಾರ್ಥಿ ದಿನಪತ್ರಿಕೆ ಓದಬೇಕಿತ್ತು. ಪತ್ರಿಕೆ ತರುವ ಬಸ್ಸು ಹನ್ನೊಂದು ಗಂಟೆಗೆ ಬರುತ್ತಿದ್ದರಿಂದ ನಾವು ಓದುತ್ತಿದ್ದುದು ಹಿಂದಿನ ದಿನದ್ದು. ನನ್ನ ಸರದಿಯ ದಿನ, ಯಾವುದೋ ಸಭೆಗೆ ಲಕ್ಷ ಜನ ಸೇರಿದ್ದರೆಂದು ಗಟ್ಟಿಯಾಗಿ ಓದಿದೆ. ವಿಜ್ಞಾನದ ಮೇಷ್ಟ್ರು ಅಲ್ಲೇ ಕೇಳಿದರು: "ಎಣಿಸಿದವರು ಯಾರಪ್ಪ?" ಎಲ್ಲರೂ ನಕ್ಕರು. ನನಗೆ ಅವಮಾನವಾಯಿತು. ಆ ಪ್ರಶ್ನೆಯ ಬೆಲೆ ತಿಳಿಯಲು ಬಹಳ ವರ್ಷ ಬೇಕಾಯಿತು.

1991ರ ಕೊಲ್ಲಿ ಯುದ್ಧ ಹಿರಿಯರಿಗೆ ನೆನಪಿರಬಹುದು. ಇರಾಕ್ ದೇಶವು ಸೌದಿ ಅರೇಬಿಯ ಮತ್ತು ಇಸ್ರೇಲಿನ ಮೇಲೆ ಸ್ಕಡ್ ಕ್ಷಿಪಣಿಗಳನ್ನು ಹಾರಿಸುತ್ತಿತ್ತು. ಅವನ್ನು ಆಕಾಶದಲ್ಲೇ ತಡೆಯಲು ಅಮೆರಿಕ ಪೇಟ್ರಿಯಟ್ ಕ್ಷಿಪಣಿ ಬಳಸಿತು. ರಾತ್ರಿಯ ಆಕಾಶದಲ್ಲಿ ಫಳಾರನೆ ಬೆಳಕು ಮಿಂಚುವುದನ್ನು ಟಿ.ವಿ.ಯಲ್ಲಿ ಜಗತ್ತೆಲ್ಲ ನೋಡಿತು. "ಹೊಡೆದುರುಳಿಸಿತು" ಎಂದು ಸುದ್ದಿಯಾಯಿತು. ಫೆಬ್ರವರಿ 15ರಂದು ಅಧ್ಯಕ್ಷ ಬುಷ್ ಅವರು ಪೇಟ್ರಿಯಟ್ ತಯಾರಿಸುವ ಕಾರ್ಖಾನೆಗೇ ಹೋಗಿ, 42 ಸ್ಕಡ್‌ಗಳಲ್ಲಿ 41ನ್ನು ತಡೆದಿದ್ದೇವೆ ಎಂದರು. ಮೂರು ವರ್ಷದ ಸರ್ವೀಸಿನ ನಾವು ಹುಡುಗರು ಬ್ಯಾರಕ್ಕಿನಲ್ಲಿ ಆ ಸುದ್ದಿ ಓದಿ ಬೆರಗಾದೆವು.

ಹತ್ತೇ ದಿನ ಕಳೆದಿತ್ತು. ಫೆಬ್ರವರಿ 25ರ ರಾತ್ರಿ ಸೌದಿಯ ದಹ್ರಾನಿನಲ್ಲಿ ಸೈನಿಕರ ವಸತಿಯ ಮೇಲೆ ಸ್ಕಡ್ ಬಿದ್ದು 28 ಅಮೆರಿಕನ್ ಸೈನಿಕರು ಸತ್ತರು. ಅಲ್ಲಿದ್ದ ಪೇಟ್ರಿಯಟ್ ಹಾರಲೇ ಇಲ್ಲ. ಅದರ ಕಂಪ್ಯೂಟರು ನೂರು ಗಂಟೆಗೂ ಹೆಚ್ಚು ಕಾಲ ಬಿಡದೆ ಓಡಿತ್ತು. ಕಾಲ ಲೆಕ್ಕ ಹಾಕುವಾಗ ಆಗುತ್ತಿದ್ದ ಚೂರುಪಾರು ತಪ್ಪು ಸೇರಿ ಸೇರಿ ಸೆಕೆಂಡಿನ ಮೂರನೆಯ ಒಂದು ಭಾಗವಾಗಿತ್ತು. ಅಷ್ಟು ಹೊತ್ತಿನಲ್ಲಿ ಸ್ಕಡ್ ಅರ್ಧ ಕಿಲೋಮೀಟರಿಗೂ ಹೆಚ್ಚು ದೂರ ಹೋಗಿರುತ್ತದೆ. ರೇಡಾರ್ ತಪ್ಪು ಜಾಗದಲ್ಲಿ ಹುಡುಕಿತು. ತಿದ್ದಿದ ಪ್ರೋಗ್ರಾಂ ಅಲ್ಲಿಗೆ ತಲುಪಿದ್ದು ಮಾರನೆಯ ದಿನ.

ಯುದ್ಧ ಮುಗಿದ ಮೇಲೆ ಎಂಐಟಿಯ ವಿಜ್ಞಾನಿ ಥಿಯೊಡೋರ್ ಪೋಸ್ಟಲ್ ಟಿ.ವಿ. ಚಿತ್ರಗಳನ್ನೇ ನಿಧಾನವಾಗಿ ಓಡಿಸಿ ನೋಡಿದರು. ಪೇಟ್ರಿಯಟ್ ಗುರಿಯ ಹತ್ತಿರ ಹೋಗಿ ಸಿಡಿಯುವ ಅಸ್ತ್ರ. ಸಿಡಿದರೆ ಬೆಳಕು ಬಂದೇ ಬರುತ್ತದೆ. ಆದರೆ ಸ್ಕಡ್‌ನ ಮದ್ದು ತುಂಬಿದ ಮೂತಿ ನಾಶವಾಯಿತೋ, ಹಾಗೇ ಕೆಳಗೆ ಬಿತ್ತೋ ಎಂದು ಆ ಬೆಳಕು ಹೇಳುವುದಿಲ್ಲ. ಸೇನೆ ಅವರ ವಾದವನ್ನು ಒಪ್ಪಲಿಲ್ಲ. 1992ರಲ್ಲಿ ಅಮೆರಿಕದ ಸಂಸತ್ತಿನ ಲೆಕ್ಕಪರಿಶೋಧನಾ ಸಂಸ್ಥೆ ದಾಖಲೆಗಳನ್ನು ನೋಡಿ, ಸ್ಕಡ್ ನಾಶವಾಯಿತೆನ್ನಲು ಗಟ್ಟಿಯಾದ ಸಾಕ್ಷ್ಯವಿರುವುದು ಶೇಕಡ 9ರಷ್ಟು ಪ್ರಯೋಗಗಳಲ್ಲಿ ಮಾತ್ರ ಎಂದಿತು. "ತಡೆದಿದ್ದೇವೆ" ಎಂಬುದಕ್ಕೆ "ನಾಶಮಾಡಿದ್ದೇವೆ" ಎಂಬ ಅರ್ಥವಿಲ್ಲವೆಂದು ಸೇನಾಧಿಕಾರಿಯೊಬ್ಬರೇ ಸಂಸತ್ ಸಮಿತಿಗೆ ವಿವರಿಸಿದರು. ಹಾಗಾದರೆ ಯುದ್ಧ ನಡೆಯುವಾಗ ಎಣಿಸಿದವರು ಯಾರು? ಹಾರಿಸಿದವರೇ. ಪತ್ರಕರ್ತರು ಆ ಲೆಕ್ಕವನ್ನೇ ಬರೆದುಕೊಂಡರು.

ದೂರದ ದೇಶದ ಮಾತಾಯಿತು. ನಮ್ಮ ಮನೆಯ ಮಾತು ಕೇಳಿ. ನಾನು ರಾಜಸ್ಥಾನದಲ್ಲಿ ಟ್ಯಾಂಕುಗಳ ಜೊತೆ ಇದ್ದಾಗ ಒಂದು ಪತ್ರಿಕೆಯಲ್ಲಿ "ಸೇನೆಯ ಟ್ಯಾಂಕಿಗೆ ಬೆಂಕಿ" ಎಂದು ಬಂತು. ಜೊತೆಗೊಂದು ಟಿ-72 ಟ್ಯಾಂಕಿನ ಚಿತ್ರ. ಅದೇ ಟ್ಯಾಂಕಿನ ಮುಂದೆ ನಿಂತು ತೆಗೆಸಿದ ನನ್ನ ಫೋಟೊ ನಮ್ಮ ಮನೆಯ ಗೋಡೆಯ ಮೇಲಿತ್ತು. ಯಾರೋ ಪತ್ರಿಕೆ ತಂದು ಅವ್ವನಿಗೆ ತೋರಿಸಿದರು. ಊರಿನಲ್ಲಿ ಫೋನಿರಲಿಲ್ಲ. ನನ್ನ ಕಾಗದ ಬರುವವರೆಗೆ ಅವ್ವ ಹೊಟ್ಟೆತುಂಬ ಉಣ್ಣಲಿಲ್ಲ. ನಿಜವಾಗಿ ಬೆಂಕಿ ಬಿದ್ದದ್ದು ಬಿಎಂಪಿಗೆ, ಅದೂ ನಮ್ಮ ಜಾಗದಿಂದ ಬಹಳ ದೂರದಲ್ಲಿ. ಬಿಎಂಪಿ ಎಂದರೆ ಕಾಲಾಳುಗಳನ್ನು ಹೊತ್ತೊಯ್ಯುವ ಗಾಡಿ. ಟ್ಯಾಂಕು ಸುಮಾರು 41 ಟನ್, ಬಿಎಂಪಿ ಸುಮಾರು 14 ಟನ್. ಎರಡಕ್ಕೂ ಚೈನುಪಟ್ಟಿ ಇದೆ, ಮೇಲೆ ನಳಿಕೆ ಇದೆ. ಬರೆದವರಿಗೆ ಅಷ್ಟು ಸಾಕಾಯಿತು. ಎಮ್ಮೆಗೂ ಹಸುವಿಗೂ ಕೊಂಬಿದೆ ಎಂದು ನಾವು ಎರಡನ್ನೂ ಒಂದೇ ಎನ್ನುತ್ತೇವೆಯೇ?

ಬರೆಯುವವರ ಕಷ್ಟವೂ ನನಗೆ ಗೊತ್ತು. ಸೇನೆ ಎಲ್ಲವನ್ನೂ ಹೇಳುವುದಿಲ್ಲ, ಹೇಳಲೂಬಾರದು. ಆದರೆ ತಿಳಿಯದ್ದನ್ನು ತಿಳಿದಂತೆ ಬರೆಯುವುದು ಬೇರೆ ಮಾತು.

ಈಗ ಸುದ್ದಿ ಬಸ್ಸಿಗಾಗಿ ಕಾಯುವುದಿಲ್ಲ, ಜೇಬಿನಲ್ಲೇ ಇದೆ. 2025ರ ಮೇ ತಿಂಗಳಲ್ಲಿ ಗಡಿಯಲ್ಲಿ ಕದನ ನಡೆದಾಗ ಕಂಪ್ಯೂಟರ್ ಆಟದ ದೃಶ್ಯಗಳನ್ನು ನಿಜವಾದ ದಾಳಿಯೆಂದು ಎಷ್ಟೋ ಜನ ಹಂಚಿದರು. ಅವು ಆಟದ ಚಿತ್ರಗಳೆಂದು ಕೇಂದ್ರ ಸರ್ಕಾರದ ವಾರ್ತಾ ಇಲಾಖೆಯೇ ಹೇಳಬೇಕಾಯಿತು. ಸೈನ್ಯದಲ್ಲಿ ಮಕ್ಕಳಿರುವ ಮನೆಗಳು ಈ ಊರಿನಲ್ಲಿ ಇಂದಿಗೂ ಇವೆ. ಅಂಥ ಚಿತ್ರವನ್ನು ಅವರಿಗೆ ಕಳಿಸುವ ಮುಂಚೆ ಒಂದು ಗಳಿಗೆ ನನ್ನ ಅವ್ವನನ್ನು ನೆನೆಯಿರಿ.

ಮುಖ್ಯೋಪಾಧ್ಯಾಯರಲ್ಲಿ ನನ್ನದೊಂದು ಬೇಡಿಕೆ. ಪ್ರಾರ್ಥನೆಯ ನಂತರ ಪತ್ರಿಕೆ ಓದಿಸುವುದು ಈಗ ನಿಂತಿದೆಯೆಂದು ಕೇಳಿದೆ. ದಯವಿಟ್ಟು ಮತ್ತೆ ಶುರುಮಾಡಿ. ಎರಡು ಪತ್ರಿಕೆಗಳ ಚಂದಾ ನಾನು ಕಟ್ಟುತ್ತೇನೆ. ಒಂದು ಮಗು ಓದಲಿ, ಇನ್ನೊಂದು ಮಗು ಎದ್ದು ನಿಂತು ನಮ್ಮ ಮೇಷ್ಟ್ರ ಪ್ರಶ್ನೆ ಕೇಳಲಿ. ಯಾರೂ ನಗುವುದು ಬೇಡ.

ಜೈ ಹಿಂದ್, ಜೈ ಕರ್ನಾಟಕ.