ರೊಟ್ಟಿ ಊಟದ ಜೊತೆಗೆ ಬಿಳಿ ವೈನ್

ನಮ್ಮ ಆಳಂದ ಕಡೆಯ ಜಿಡಗಾ ಮಠದ ಊರು. ಅಲ್ಲಿಯ ಪಂಕ್ತಿಯಲ್ಲಿ ಕುಳಿತು ವೈನ್ ಮಾತು ಯಾರೂ ತೆಗೆಯುವುದಿಲ್ಲ, ತೆಗೆಯಲೂಬಾರದು. ಆದರೆ ಆಳಂದ, ಅಫಜಲಪುರ, ಜೇವರ್ಗಿ ಕಡೆಯಿಂದ ಪುಣೆಗೋ ಬೆಂಗಳೂರಿಗೋ ಹೋಗಿ ನೆಲೆಸಿದ ಮನೆಗಳಲ್ಲಿ ರಾತ್ರಿ ಊಟಕ್ಕೆ ಗೆಳೆಯರು ಬಂದಾಗ ಬಿಳಿ ವೈನಿನ ಬಾಟಲಿ ಕಾಣಿಸಿಕೊಳ್ಳುವುದುಂಟು. ತಾಟಿನಲ್ಲಿ ಜೋಳದ ರೊಟ್ಟಿ, ಎಣಗಾಯಿ, ಶೇಂಗಾ ಹಿಂಡಿ. ಇದಕ್ಕೆ ಅದು ಹೊಂದುತ್ತದೆಯೇ? ಪರದೇಶದ ಪುಸ್ತಕಗಳಲ್ಲಿ ಎಣಗಾಯಿಯ ಹೆಸರಿಲ್ಲ. ನಮ್ಮ ಸೀಮೆಯ ಚರಿತ್ರೆಯನ್ನೇ ಕೇಳಬೇಕು.

ಆಳಂದಕ್ಕೆ ಕಲ್ಯಾಣ ದೂರವಲ್ಲ. ಅಲ್ಲಿ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 1129ರ ಸುಮಾರಿಗೆ ‘ಮಾನಸೋಲ್ಲಾಸ’ ರಚಿಸಿದ. ಅದರಲ್ಲಿ ಅನ್ನಭೋಗ, ಪಾನೀಯಭೋಗ ಎಂದು ಬೇರೆ ಬೇರೆ ಅಧ್ಯಾಯಗಳಿವೆ. ಮದಿರೆಯನ್ನು ಮಾತ್ರ ಅವನು ಕ್ರೀಡೆಗಳ ಸಾಲಿಗೆ ಸೇರಿಸಿದ. ನನಗೆ ಇದು ಬಹಳ ದೊಡ್ಡ ಸುಳಿವು. ಮದ್ಯ ಅರಸರ ವಿನೋದದ ವಸ್ತು, ಊಟದ ಜೊತೆಗಾರ ಅಲ್ಲ. ಅದೇ ಶತಮಾನದಲ್ಲಿ ಹೆಂಡ ಮಾರುವ ಕಾಯಕದ ಮಾರಯ್ಯ ಶರಣರ ಸಾಲಿನಲ್ಲಿ ಕುಳಿತು ವಚನ ಬರೆದದ್ದನ್ನೂ ಇಲ್ಲಿ ನೆನೆಯಬೇಕು.

1347ರಲ್ಲಿ ಕಲಬುರಗಿ ಬಹಮನಿ ರಾಜಧಾನಿಯಾಯಿತು. ಅಲ್ಲಿ ಆಳಿದ ಸುಲ್ತಾನ ಫಿರೋಜ್ ಶಾಹನಿಗೆ ಸಂಗೀತ, ಮದ್ಯ ಎರಡೂ ಪ್ರಿಯವಾಗಿದ್ದವೆಂದು ಇತಿಹಾಸಕಾರ ಫೆರಿಷ್ತಾ ಬರೆದಿದ್ದಾನೆ. ಅರಮನೆಯ ಮಾತು ಅದು. ಸಾಮಾನ್ಯರ ಮನೆಯ ಸಂಗತಿ ತಿಳಿಸಿದವನು ರಷ್ಯಾದ ತ್ವೇರ್ ಪಟ್ಟಣದ ವ್ಯಾಪಾರಿ ಅಫನಾಸಿ ನಿಕಿತಿನ್. 1470ರ ಆಸುಪಾಸಿನಲ್ಲಿ ಒಂದು ಕುದುರೆ ಮಾರಲು ಬೀದರಿಗೆ ಬಂದವನು ಆಳಂದದ ಜಾತ್ರೆಯನ್ನು ವರ್ಣಿಸಿದ್ದಾನೆ: ಶೇಖ್ ಅಲಾವುದ್ದೀನರ ನೆನಪಿನಲ್ಲಿ ಹತ್ತು ದಿನದ ಸಂತೆ, ಮಾರಾಟಕ್ಕೆ ಇಪ್ಪತ್ತು ಸಾವಿರದಷ್ಟು ಕುದುರೆ. ನಾವು ಇಂದು ಲಾಡ್ಲೆ ಮಶಾಯಕ್ ದರ್ಗಾ ಎನ್ನುವುದು ಅದೇ ಸ್ಥಳ. ಇಲ್ಲಿಯ ಹಿಂದೂಗಳ ಊಟವನ್ನೂ ಅವನು ಹತ್ತಿರದಿಂದ ನೋಡಿದ. ಬಲಗೈಯಿಂದಲೇ ಉಣ್ಣುತ್ತಾರೆ, ಚಾಕು ಹಿಡಿಯುವುದಿಲ್ಲ, ಚಮಚ ಗೊತ್ತಿಲ್ಲ, ದಿನಕ್ಕೆ ಎರಡೇ ಊಟ, ವೈನ್ ಕುಡಿಯುವುದಿಲ್ಲ. ಅವನಿಗೆ ಈ ಊಟ ಬಡವಾಗಿ ಕಂಡಿತು. ಪಾಪ, ಅವನಿಗೆ ಯಾರೂ ಅಂಬಲಿ ಕೊಟ್ಟಿರಲಿಕ್ಕಿಲ್ಲ ಎಂದುಕೊಳ್ಳುತ್ತೇನೆ.

ಎಳ್ಳ ಅಮಾವಾಸ್ಯೆಯ ದಿನ ಹೊಲದಲ್ಲಿ ಕುಳಿತವರಿಗೆ ಅದು ಗೊತ್ತು. ಜೋಳದ ನುಚ್ಚು ಕುದಿಸಿ, ಆರಿಸಿ, ಹುಳಿ ಮಜ್ಜಿಗೆ ಬೆರೆಸಿ, ಬೆಳ್ಳುಳ್ಳಿ ಜೀರಿಗೆ ಜಜ್ಜಿ ಹಾಕಿ ಮಣ್ಣಿನ ಗಡಿಗೆಯಲ್ಲಿ ಇಡುತ್ತಾರೆ. ಸಜ್ಜಿ ರೊಟ್ಟಿ, ಭಜ್ಜಿ ತಿಂದು ಆ ತಣ್ಣನೆಯ ಅಂಬಲಿ ಕುಡಿದರೆ ನಾಲಿಗೆಯ ಜಿಡ್ಡು ಹೋಗಿ ಮುಂದಿನ ತುತ್ತಿಗೆ ಬಾಯಿ ಸಿದ್ಧವಾಗುತ್ತದೆ. ನಮ್ಮ ಊಟ ಬೇಡುವುದು ಇದನ್ನೇ: ಹುಳಿ, ತಂಪು, ಹಗುರ.

ಇನ್ನು ದ್ರಾಕ್ಷಿ. ದೌಲತಾಬಾದಿನ ದ್ರಾಕ್ಷಿಯನ್ನು ಇಬ್ನ್ ಬತೂತಾ ಹದಿನಾಲ್ಕನೆಯ ಶತಮಾನದಲ್ಲೇ ಹೊಗಳಿದ್ದ. ನಿಜಾಮರ ಹೈದರಾಬಾದಿನಲ್ಲಿ ಅನಾಬ್-ಎ-ಶಾಹಿ ತಳಿ ಬೇರೂರಿದ್ದು 1890ರ ಸುಮಾರಿಗೆ. ಅದು ತಿನ್ನುವ ಹಣ್ಣು. ವಿಜಯಪುರದ ಬೆಳೆಗಾರರೂ ಏಪ್ರಿಲ್, ಅಕ್ಟೋಬರ್ ಎರಡು ಚಾಟ್ನಿ, ಅಂದರೆ ಬಳ್ಳಿ ಸವರುವಿಕೆ, ಮಾಡಿ ಬೆಳೆದದ್ದನ್ನು ಬಹುಪಾಲು ಒಣದ್ರಾಕ್ಷಿಗೆ ಹಾಕುತ್ತಾರೆ. ವೈನಿಗಾಗಿಯೇ ಫ್ರೆಂಚ್ ತಳಿ ಬೆಳೆಯುವ ಕೆಲಸ ನಂದಿಬೆಟ್ಟದ ಬುಡದಲ್ಲಿ ಗ್ರೋವರ್ ಕುಟುಂಬದಿಂದ 1980ರ ದಶಕದಲ್ಲಿ ಶುರುವಾಯಿತು. 2007ರಲ್ಲಿ ಕರ್ನಾಟಕ ಸರಕಾರ ವೈನ್ ನೀತಿ ತಂದಿತು. ಅದೇ ಹೊತ್ತಿಗೆ ಗಡಿಯಾಚೆ ಸೊಲ್ಲಾಪುರ ಜಿಲ್ಲೆಯ ಅಕಲೂಜದಲ್ಲಿ ಫ್ರಾಟೆಲ್ಲಿ ತೋಟ ಎದ್ದಿತು. ಇಟಲಿಯ ಸೆಕ್ಕಿ ಸಹೋದರರು, ಅಕಲೂಜದ ಮೋಹಿತೆ-ಪಾಟೀಲರು ಅದರ ಪಾಲುದಾರರಲ್ಲಿ ಸೇರಿದ್ದರು. ಅಲ್ಲಿಯ ನೀರಾ ನದಿ ಸೇರುವುದು ಭೀಮೆಯನ್ನು. ಆ ಭೀಮೆಯೇ ಅಫಜಲಪುರ, ಜೇವರ್ಗಿ ದಾಟಿ ಹರಿಯುತ್ತದೆ. ಬಿಳಿ ವೈನಿನ ತಳಿಗಳಾದ ಶೆನಾಂ ಬ್ಲಾಂಕ್, ಸೋವಿನ್ಯೋಂ ಬ್ಲಾಂಕ್ ಇಂದು ನಮ್ಮ ನದಿಯ ಕೊಳ್ಳದ ಬೆಳೆಗಳೇ.

ಹಸಿರು ದ್ರಾಕ್ಷಿಯನ್ನು ಹಿಂಡಿ, ಸಿಪ್ಪೆ ಕೂಡಲೇ ಬೇರ್ಪಡಿಸಿ, ರಸವನ್ನು ತಂಪಿನಲ್ಲಿ ಹುದುಗಿಸಿದರೆ ಬಿಳಿ ವೈನ್. ಕೆಂಪು ವೈನಿಗೆ ಸಿಪ್ಪೆಯ ಒಗರು ಇಳಿದಿರುತ್ತದೆ. ಖಾರದ ಜೊತೆ ಅದು ಇನ್ನೂ ಕಟುವಾಗುತ್ತದೆ. ಬಿಳಿಯದರ ಹುಳಿ ಎಣಗಾಯಿಯ ಎಣ್ಣೆಯನ್ನು, ಶೇಂಗಾದ ಜಿಡ್ಡನ್ನು ಕಡಿಯುತ್ತದೆ. ತುಸು ಸಿಹಿ ಉಳಿದ ಶೆನಾಂ ಇದ್ದರೆ ನಾನು ಅದನ್ನೇ ಆರಿಸುತ್ತೇನೆ, ಎಂಟು ಹತ್ತು ಡಿಗ್ರಿ ತಂಪಿನಲ್ಲಿ. ಆಲ್ಕೋಹಾಲ್ ಹೆಚ್ಚಿದಷ್ಟೂ ಮೆಣಸಿನಕಾಯಿಯ ಉರಿ ಏರುವುದರಿಂದ ಹಗುರವಾದದ್ದೇ ಲೇಸು.

ಬೇಳೆ ಹಾಕಿದ ಪುಂಡಿಪಲ್ಯದ ಮುಂದೆ ಮಾತ್ರ ಇದು ನಡೆಯದು. ಪುಂಡಿಯ ಹುಳಿ ವೈನಿನ ಹುಳಿಯನ್ನು ಮೀರಿಸಿ ಅದನ್ನು ಸಪ್ಪೆ ಮಾಡುತ್ತದೆ. ಕೆಂಪು ಖಾರದ ಚಟ್ನಿಗೂ ಅಷ್ಟೇ: ಉರಿಯ ಅಂಶವನ್ನು ಹಿಡಿದು ಒಯ್ಯುವ ಕೇಸೀನ್ ಹಾಲು, ಮಜ್ಜಿಗೆಯಲ್ಲಿದೆ, ದ್ರಾಕ್ಷಿಯಲ್ಲಿಲ್ಲ. ಆ ದಿನ ಬಾಟಲಿ ತೆಗೆಯದೆ ಮಜ್ಜಿಗೆ ಕಡೆಯಿರಿ.