‘ಫೈರ್’ ಚಿತ್ರ ಮತ್ತು ನಮ್ಮ ಅಡಿಗೆಮನೆಗಳು
(ದರೋಜಿಯ ಬಹಿರಂಗ ಸಭೆಯಲ್ಲಿ ಮಾಡಿದ ಭಾಷಣ)



ಇಂದಿನ ವಿಷಯವನ್ನು ಕೇಳಿ ಕೆಲವರು ನಕ್ಕಿದ್ದೀರಿ, ಕೆಲವರು ಹುಬ್ಬು ಗಂಟಿಕ್ಕಿದ್ದೀರಿ. ಕೂಲಿ, ಬೋನಸ್ಸು, ಬಾಡಿಗೆ, ಸಾಲದ ಮಾತು ಬಿಟ್ಟು, ಇಬ್ಬರು ಹೆಂಗಸರು ಪರಸ್ಪರ ಒಲಿದ ಸಿನಿಮಾ ಕಥೆ ದುಡಿಯುವ ಜನಕ್ಕೆ ಏಕೆ ಎಂಬುದು ನಿಮ್ಮ ಶಂಕೆ. ನ್ಯಾಯವಾದ ಶಂಕೆಯೇ. ಆದರೆ ಆ ಕಥೆ ನಡೆಯುವುದು ಒಂದು ಸಣ್ಣ ಅಂಗಡಿಯ ಮನೆಯಲ್ಲಿ. ಅದಕ್ಕಾಗಿಯೇ ಅದನ್ನು ಇಲ್ಲಿಗೆ ತಂದಿದ್ದೇನೆ.

ಕಥೆ ಕೇಳುವುದನ್ನು ದರೋಜಿಗೆ ಯಾರೂ ಕಲಿಸಬೇಕಾಗಿಲ್ಲ. ಬುರ್ರಕಥೆಯ ಈರಮ್ಮನವರು ಈ ಊರಿನವರು. ಅಕ್ಷರ ಕಲಿಯದ ಆ ತಾಯಿ ಹನ್ನೆರಡು ಮಹಾಕಾವ್ಯಗಳನ್ನು ನೆನಪಿನಿಂದಲೇ ಹಾಡುತ್ತಿದ್ದರು, 2014ರಲ್ಲಿ ತೀರಿಕೊಂಡರು. ಅಂಥ ಕಥೆಗಳನ್ನು ಪೂರ್ತಿ ಕೇಳಿದ ಮೇಲೆಯೇ ಇದು ಸರಿ, ಇದು ತಪ್ಪು ಎಂದು ವಾದಿಸಬೇಕು. ಸಿನಿಮಾಕ್ಕೂ ಅದೇ ಕ್ರಮ ಸಲ್ಲುತ್ತದೆ. ಮೊದಲು ಕಥೆ ಹೇಳುತ್ತೇನೆ.

ಕೆನಡಾದಲ್ಲಿ ನೆಲಸಿರುವ ದೀಪಾ ಮೆಹ್ತಾ ಅವರು 1996ರಲ್ಲಿ ‘ಫೈರ್’ ಚಿತ್ರವನ್ನು ತೆಗೆದರು. ದೊಡ್ಡ ಬಂಡವಾಳದ ಚಿತ್ರವಲ್ಲ. ಕೆಲವೇ ಪಾತ್ರಗಳು, ಕಥೆಯ ಬಹುಭಾಗ ನಡೆಯುವುದು ದೆಹಲಿಯ ಒಂದು ಕೂಡುಕುಟುಂಬದ ಒಳಗೇ. ಆ ಮನೆಯವರಿಗೆ ಎರಡು ವ್ಯಾಪಾರ: ಊಟ ಕಟ್ಟಿಕೊಡುವುದು, ವೀಡಿಯೋ ಕ್ಯಾಸೆಟ್ ಬಾಡಿಗೆಗೆ ಕೊಡುವುದು. ಹಿರಿಯವನು ಅಶೋಕ. ಹೆಂಡತಿ ರಾಧೆಗೆ ಮಕ್ಕಳಾಗುವುದಿಲ್ಲ ಎಂದು ತಿಳಿದ ಮೇಲೆ, ಒಬ್ಬ ಸ್ವಾಮಿಯ ಮಾತು ಕೇಳಿ ಹದಿಮೂರು ವರ್ಷಗಳಿಂದ ಬ್ರಹ್ಮಚರ್ಯ ಹಿಡಿದಿದ್ದಾನೆ. ವ್ರತ ಅವನದು, ಉಪವಾಸ ಅವಳದು! ಕಿರಿಯವನು ಜತಿನ್. ಬೇರೊಬ್ಬಳಲ್ಲಿ ಮನಸ್ಸಿಟ್ಟು, ಮನೆಯವರ ಒತ್ತಾಯಕ್ಕೆ ಸೀತೆಗೆ ತಾಳಿ ಕಟ್ಟಿದ್ದಾನೆ. ಮದುವೆಯಾದ ಮೇಲೂ ಆ ಮತ್ತೊಬ್ಬಳ ಬಳಿಗೇ ಹೋಗುತ್ತಾನೆ. ಮನೆಯಲ್ಲಿ ಪಾರ್ಶ್ವವಾಯು ಬಡಿದ ಅತ್ತೆ. ಆಕೆಗೆ ಮಾತಿಲ್ಲ, ಕೈಯಲ್ಲಿ ಒಂದು ಗಂಟೆ ಇದೆ. ಗಂಟೆ ಬಾರಿಸಿದರೆ ಸೊಸೆಯರು ಓಡಬೇಕು. ಜೊತೆಗೆ ಮುಂಡು ಎಂಬ ಒಬ್ಬ ಆಳು. ರಾಧೆಯಾಗಿ ಶಬಾನಾ ಆಜ್ಮಿ, ಸೀತೆಯಾಗಿ ನಂದಿತಾ ದಾಸ್ ನಟಿಸಿದ್ದಾರೆ.

ಒಂದೇ ಒಲೆಯ ಮುಂದೆ ಬೇಯುವ ಈ ಇಬ್ಬರು ನೆಗೆಣ್ಣಿಯರು ಒಬ್ಬರನ್ನೊಬ್ಬರು ಅರಿತು, ಪ್ರೀತಿಸಿ, ಕೂಡಿ ಬಾಳಲು ನಿಶ್ಚಯಿಸುತ್ತಾರೆ. ವಿಷಯ ಬಯಲಾಗುತ್ತದೆ. ಗಂಡಹೆಂಡಿರ ಜಗಳದಲ್ಲಿ ಒಲೆಯ ಬೆಂಕಿ ರಾಧೆಯ ಸೀರೆಗೆ ತಗಲುತ್ತದೆ. ಅಶೋಕ ತನ್ನ ತಾಯಿಯನ್ನು ಎತ್ತಿಕೊಂಡು ಹೊರಗೆ ನಡೆಯುತ್ತಾನೆ. ಹೆಂಡತಿಯನ್ನು ಉರಿಯಲ್ಲೇ ಬಿಡುತ್ತಾನೆ. ಹೇಗೋ ಬದುಕುಳಿದ ರಾಧೆ, ಸುರಿಯುವ ಮಳೆಯಲ್ಲಿ ದರ್ಗಾ ಒಂದರಲ್ಲಿ ಕಾದು ಕುಳಿತ ಸೀತೆಯನ್ನು ಸೇರುತ್ತಾಳೆ. ಕಥೆ ಇಷ್ಟೆ.

ಸೆನ್ಸಾರ್ ಮಂಡಳಿ ವಯಸ್ಕರಿಗೆ ಮಾತ್ರ ಎಂದು ಒಪ್ಪಿಗೆ ಕೊಟ್ಟು, ಒಂದು ದೃಶ್ಯವನ್ನೂ ಕತ್ತರಿಸದೆ ಬಿಟ್ಟಿತು. ಹಿಂದಿ ಪ್ರತಿಯಲ್ಲಿ ಮಾತ್ರ ಸೀತೆಯ ಹೆಸರು ನೀತಾ ಎಂದಾಯಿತು. 1998ರ ನವೆಂಬರಿನಲ್ಲಿ ಚಿತ್ರ ತೆರೆಕಂಡಿತು. ಕೆಲವು ವಾರ ಜನ ತಣ್ಣಗೆ ಕುಳಿತು ನೋಡಿದರು. ಡಿಸೆಂಬರ್ 2ರಂದು ಮುಂಬಯಿಯಲ್ಲಿ ಶಿವಸೇನೆಯವರು ಚಿತ್ರಮಂದಿರಕ್ಕೆ ನುಗ್ಗಿ ಗಾಜು ಒಡೆದರು, ಭಿತ್ತಿಪತ್ರ ಸುಟ್ಟರು. ಮರುದಿನ ದೆಹಲಿಯ ರೀಗಲ್ ಚಿತ್ರಮಂದಿರದ ಸರದಿ. ಸೂರತ್ ಮತ್ತು ಪುಣೆಯಲ್ಲಿ ಪ್ರದರ್ಶನಗಳು ನಿಂತುಹೋದವು. ಮಹಾರಾಷ್ಟ್ರದ ಅಂದಿನ ಮುಖ್ಯಮಂತ್ರಿ ದಾಳಿಕಾರರನ್ನು ಅಭಿನಂದಿಸಿದರು! ಕಲ್ಕತ್ತೆಯಲ್ಲಿ ಮಾತ್ರ ಕಥೆ ಬೇರೆ. ಅಲ್ಲಿ ಪ್ರೇಕ್ಷಕರೂ ಚಿತ್ರಮಂದಿರದ ಬಾಗಿಲು ಕಾಯುವವರೂ ಸೇರಿ ದಾಳಿಕಾರರನ್ನು ಅಟ್ಟಿದರು, ಆಟ ಮುಂದುವರಿಯಿತು. ಚಿತ್ರ ಮತ್ತೆ ಸೆನ್ಸಾರಿಗೆ ಹೋಗಿ, 1999ರ ಫೆಬ್ರವರಿಯಲ್ಲಿ ಪುನಃ ಒಂದು ಕತ್ತರಿಯೂ ಬೀಳದೆ ಹೊರಬಂತು.

ನೋಡಿದವರೆಲ್ಲ ಮೆಚ್ಚಿದರೆಂದು ನಾನು ಹೇಳುವುದಿಲ್ಲ. ಮೆಚ್ಚದವರ ಮಾತುಗಳನ್ನು ಒಂದೊಂದಾಗಿ ತೂಗಿ ನೋಡೋಣ.

ರಾಧೆ, ಸೀತೆ ಎಂಬ ಹೆಸರುಗಳನ್ನು ಏಕೆ ಇಡಬೇಕಿತ್ತು ಎಂದು ಕೆಲವರು ನೊಂದರು. ಈ ಮಾತನ್ನು ನಮ್ಮ ಸೀಮೆಯಲ್ಲಿ ಹಗುರವಾಗಿ ತೆಗೆದುಕೊಳ್ಳಲಾಗದು. ಹಂಪಿಯ ಸುತ್ತ ಋಷ್ಯಮೂಕ, ಮಾತಂಗ, ಅಂಜನಾದ್ರಿ ಎಂದು ಬೆಟ್ಟಗಳೇ ರಾಮಾಯಣ ಹೇಳುತ್ತವೆ. ಆದರೆ ಒಂದು ಪ್ರಶ್ನೆ ಕೇಳುತ್ತೇನೆ. ಸೀತೆಯನ್ನು ಬೆಂಕಿಗೆ ಇಳಿಸಿದ ಕಥೆ ಕೇಳಿ ನಮ್ಮ ಅಜ್ಜಿಯರು ಕಣ್ಣೊರಸಿಕೊಂಡದ್ದು ಯಾರ ಪರವಾಗಿ? ಸೀತೆಯ ಪರವಾಗಿಯೇ ಅಲ್ಲವೆ? ಚಿತ್ರ ತೆಗೆದಾಕೆಯೂ ಅದೇ ಬೆಂಕಿಯನ್ನು ಅಡಿಗೆಮನೆಯಲ್ಲಿ ತೋರಿಸಿದ್ದಾರೆ. ಹೆಸರು ಹಿಡಿಸದಿದ್ದರೆ ಹಿಡಿಸಲಿಲ್ಲ ಎನ್ನಿ. ಕಣ್ಣೀರು ಯಾರ ಪಾಲಿನದೆಂಬುದನ್ನು ಮರೆಯಬೇಡಿ.

ಗಂಡಂದಿರು ಸರಿಯಾಗಿದ್ದರೆ ಈ ಹೆಂಗಸರು ಹೀಗೆ ಮಾಡುತ್ತಿರಲಿಲ್ಲ ಎಂದು ಇನ್ನು ಕೆಲವರು ಸಮಾಧಾನ ತಂದುಕೊಂಡರು. ಇದಕ್ಕೆ ಆಕ್ಷೇಪಿಸಿದವರು ಹೆಣ್ಣನ್ನು ಪ್ರೀತಿಸುವ ಹೆಂಗಸರೇ. ನಮ್ಮ ಒಲವು ಗಂಡಸಿನ ಕೊರತೆಯಿಂದ ಹುಟ್ಟಿದ್ದಲ್ಲ, ಚಿತ್ರ ಅದನ್ನು ಹಾಗೆ ತೋರಿಸಿದ್ದು ಸರಿಯಲ್ಲ ಎಂಬುದು ಅವರ ತಕರಾರು. ತಕರಾರಿದ್ದರೂ ಅವರು ದಾಳಿಯ ವಿರುದ್ಧ ದೆಹಲಿಯ ಬೀದಿಯಲ್ಲಿ ದೀಪ ಹಿಡಿದು ನಿಂತರು. ನಾವೂ ಭಾರತೀಯರೇ ಎಂದು ಫಲಕದಲ್ಲಿ ಬರೆದು ತೋರಿಸಿದರು. ಚಿತ್ರದ ಪರವಾಗಿ ಬಂದ ದೊಡ್ಡವರಲ್ಲಿ ಅನೇಕರು ವಾಕ್ ಸ್ವಾತಂತ್ರ್ಯದ ಮಾತಾಡಿದರೇ ಹೊರತು ಈ ಹೆಂಗಸರ ಹೆಸರೆತ್ತಲು ನಾಚಿದರು. ನಾವು ನಾಚುವುದು ಬೇಡ.

ಮೂರನೆಯ ಆಕ್ಷೇಪ ನನ್ನದೂ ಹೌದು. ಮಾತುಕತೆ ಇಂಗ್ಲಿಷಿನಲ್ಲಿದೆ, ಮುಖ್ಯ ಪಾತ್ರಗಳಲ್ಲಿ ಆಳಾಗಿ ದುಡಿಯುವವನು ಮುಂಡು ಒಬ್ಬನೇ. ಅವನು ಮಾತು ಬಾರದ ಮುದುಕಿಯ ಎದುರಿಗೇ ಅಶ್ಲೀಲ ಕ್ಯಾಸೆಟ್ ನೋಡುತ್ತಾನೆ, ಸಿಕ್ಕಿಬಿದ್ದು ಏಟು ತಿನ್ನುತ್ತಾನೆ. ಒಡತಿಯರ ಏಕಾಂತವನ್ನು ಅರಿಯುವಷ್ಟು ತಾಳ್ಮೆ ಚಿತ್ರಕ್ಕಿದೆ. ಆಳಿನ ಏಕಾಂತವನ್ನು ಅರಿಯುವ ತಾಳ್ಮೆ ಇಲ್ಲ. ದುಡಿಯುವವರು ಇದನ್ನು ಹೇಳಲೇಬೇಕು. ಆದರೆ ಹೇಳಬೇಕಾದರೆ ಚಿತ್ರ ನೋಡಿರಬೇಕು, ನೋಡಬೇಕಾದರೆ ಚಿತ್ರಮಂದಿರ ತೆರೆದಿರಬೇಕು! ಗಾಜು ಒಡೆದವನು ಮೆಚ್ಚುವವನ ಬಾಯನ್ನಷ್ಟೇ ಅಲ್ಲ, ಮೆಚ್ಚದವನ ಬಾಯನ್ನೂ ಮುಚ್ಚಿಸುತ್ತಾನೆ.

ಈಗ ಅಂಗಡಿಯ ಮಾತಿಗೆ ಬರುತ್ತೇನೆ. ವ್ಯಾಪಾರಿ ಮಿತ್ರರೇ, ಆ ಮನೆಯ ಲೆಕ್ಕ ನೋಡಿ. ಊಟ ಬೇಯಿಸುವವರು ಸೊಸೆಯರು, ಮುದುಕಿಯ ಆರೈಕೆ ಮಾಡುವವರು ಸೊಸೆಯರು. ಯಜಮಾನಿಕೆ ಗಂಡಸರದು. ಅಣ್ಣ ತನ್ನ ಸ್ವಾಮಿಗೆ ದುಡ್ಡು ಕೊಡಬಲ್ಲ, ತಮ್ಮ ತನ್ನ ಪ್ರೇಯಸಿಗಾಗಿ ಖರ್ಚು ಮಾಡಬಲ್ಲ. ದುಡಿದ ಹೆಂಗಸರ ಹೆಸರಿನಲ್ಲಿ ಖಾತೆಯಲ್ಲಿ ಏನಿದೆ? ಮನೆ ಬಿಟ್ಟು ಹೊರಟರೆ ಅವರದೆನ್ನಲು ಏನಿದೆ? ಇದು ದೆಹಲಿಯ ಸಂಗತಿ ಮಾತ್ರವೆ? ನಮ್ಮ ಕಂಪ್ಲಿ, ಹೊಸಪೇಟೆ, ಸಂಡೂರುಗಳ ಖಾನಾವಳಿಗಳಲ್ಲಿ ರೊಟ್ಟಿ ತಟ್ಟುವ ಕೈ ಯಾರದು, ಗಲ್ಲಾಪೆಟ್ಟಿಗೆಯ ಕೀಲಿ ಯಾರ ಸೊಂಟದಲ್ಲಿ? ಮಿರ್ಚಿ ಬಂಡಿಯವನ ಹಿಟ್ಟು ಕಲಸಿ, ಮೆಣಸಿನಕಾಯಿ ಹೆಚ್ಚಿಕೊಟ್ಟವಳಿಗೆ ದಿನಗೂಲಿ ಎಷ್ಟು?

ಕೈಯಲ್ಲಿ ಸ್ವಂತ ಕಾಸಿಲ್ಲದ ಹೆಣ್ಣು ಹೊಡೆಯುವ ಗಂಡನನ್ನು ಬಿಡಲಾರಳು, ಒಲ್ಲದ ಮದುವೆಯನ್ನು ತಳ್ಳಲಾರಳು. ಗೆಳತಿಯೊಡನೆ ಬಾಳಬಯಸುವವಳಿಗಂತೂ ನಿಲ್ಲಲು ನೆಲವೇ ಇಲ್ಲ. ಅವಳ ಪಾಲಿಗೆ ತಂದೆಯ ಮನೆಯೂ ಮುಚ್ಚುತ್ತದೆ, ಬಾಡಿಗೆಯ ಮನೆಯೂ ಸಿಗುವುದಿಲ್ಲ. ಒಲವಿನ ಪ್ರಶ್ನೆಗೂ ಕೂಲಿಯ ಪ್ರಶ್ನೆಗೂ ಇರುವ ಸಂಬಂಧ ಇದು.

ಕಾನೂನು ಅರ್ಧ ದಾರಿ ಬಂದಿದೆ. 1860ರಲ್ಲಿ ಬ್ರಿಟಿಷರು ಬರೆದ ದಂಡ ಸಂಹಿತೆಯ 377ನೇ ಕಲಮು ಇಂಥ ಒಲವನ್ನು ಅಪರಾಧವೆಂದು ಬೆದರಿಸುತ್ತಿತ್ತು. ಇದು ನಮ್ಮ ಸಂಸ್ಕೃತಿಯಲ್ಲ ಎನ್ನುವವರು ಹಿಡಿದುಕೊಂಡಿದ್ದು ಪರಕೀಯರ ಕಾನೂನನ್ನು! 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟು, ವಯಸ್ಕರು ಒಪ್ಪಿ ಕೂಡಿದರೆ ಅಪರಾಧವಲ್ಲ ಎಂದಿತು. ಮರುವರ್ಷವೇ ಟೇಶಿ ವೆಂಕಟೇಶ್ ಅವರು ಇಬ್ಬರು ಹುಡುಗಿಯರ ಪ್ರೇಮವನ್ನು ವಸ್ತುವಾಗಿ ಇಟ್ಟುಕೊಂಡ ‘ಬೆಸ್ಟ್ ಫ್ರೆಂಡ್ಸ್’ ಚಿತ್ರವನ್ನು ಕನ್ನಡಕ್ಕೆ ತಂದರು. ಆದರೆ ಇಂಥವರ ಮದುವೆಗೆ ಮಾನ್ಯತೆ ಕೊಡಲು 2023ರ ಅಕ್ಟೋಬರ್ 17ರಂದು ಅದೇ ಕೋರ್ಟು ಒಪ್ಪಲಿಲ್ಲ. ಉಳಿದ ಅರ್ಧ ದಾರಿಯನ್ನು ಕೇರಿಯ ಜನ ನಡೆಯಬೇಕು.

ಜನ ಬದಲಾಗುವುದಿಲ್ಲ ಎನ್ನಬೇಡಿ. ಮರಿಯಮ್ಮನಹಳ್ಳಿಯ ಮಂಜಮ್ಮ ಜೋಗತಿಯವರನ್ನೇ ನೋಡಿ. ಅವರದು ಬೇರೆ ಬಗೆಯ ಬಾಳು, ನಿಜ. ಗಂಡಾಗಿ ಬೆಳೆಸಿದ ಮನೆಯಿಂದ ಹೆಣ್ಣಾಗಿ ಹೊರಬಂದವರು. ಹೀಯಾಳಿಕೆಯನ್ನೂ ಹಸಿವನ್ನೂ ಉಂಡು, ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಪಡೆದರು. ಪ್ರಶಸ್ತಿ ಬರುವವರೆಗೆ ಕಾದು ಮನುಷ್ಯರೆಂದು ಒಪ್ಪುವುದು ನಮಗೆ ಭೂಷಣವಲ್ಲ.

ಹಾಗಾದರೆ ಮಾಡಬೇಕಾದ್ದೇನು? ಮದುವೆ ಬೇಡ ಎನ್ನುವ ಮಗಳನ್ನು ಬಡಿಯಬೇಡಿ. ಏಕೆ ಬೇಡ ಎಂದು ಕೂತು ಕೇಳಿ. ಇಬ್ಬರು ಹೆಂಗಸರು ಬಾಡಿಗೆ ಕೇಳಿಕೊಂಡು ಬಂದರೆ ಬಾಡಿಗೆ ಕಟ್ಟುತ್ತಾರೆಯೆ ಎಂಬುದಷ್ಟನ್ನೇ ವಿಚಾರಿಸಿ. ಅಂಗಡಿಯ ಹಿಂದೆ ದುಡಿಯುವ ಹೆಂಡತಿ, ಸೊಸೆ, ಮಗಳ ಹೆಸರಿನಲ್ಲಿ ಪಾಲು ಬರೆದಿಡಿ, ಈ ತಿಂಗಳಿನಿಂದಲೇ. ಯಾವುದೇ ಚಿತ್ರ ಹಿಡಿಸದಿದ್ದರೆ ಎದ್ದು ಬನ್ನಿ, ಪತ್ರಿಕೆಗೆ ಬರೆಯಿರಿ, ಕಟ್ಟೆಯ ಮೇಲೆ ಬೈಯಿರಿ. ಅದು ನಿಮ್ಮ ಹಕ್ಕು. ದೊಣ್ಣೆ ಹಿಡಿದು ಬಂದವರಿಗೆ ಮಾತ್ರ, ಕಲ್ಕತ್ತೆಯ ಪ್ರೇಕ್ಷಕರ ಹಾಗೆ, ಒಟ್ಟಾಗಿ ಬಾಗಿಲಲ್ಲಿ ನಿಂತು ಉತ್ತರ ಹೇಳಿ.

 ಈಗ ನಿಮ್ಮ ಪ್ರಶ್ನೆಗಳು ಬರಲಿ. ತಾಯಂದಿರು ಮೊದಲು ಕೇಳಲಿ.