ಮನೆಯ ತಂಪು ಪರವಾನಗಿಯಲ್ಲೇ ಬರಲಿ
(ಸಂಘದ ಬೆಳ್ಳಿಹಬ್ಬದ ಸಭೆಯಲ್ಲಿ ಮಾಡಿದ ಭಾಷಣ)



ಇಪ್ಪತ್ತೈದು ವರ್ಷದ ಲೆಕ್ಕವನ್ನು ಕಾರ್ಯದರ್ಶಿಗಳು ಈಗಾಗಲೇ ಓದಿದ್ದಾರೆ. ನಾವು ಬೇರೆ ವಿಷಯ ತೆಗೆದುಕೊಂಡಿದ್ದೇವೆ. ಅದು ನಮ್ಮೆಲ್ಲರ ತಲೆಯ ಮೇಲೆಯೇ ಇದೆ: ಮನೆಯ ಮಾಳಿಗೆ.

ರಾಯಚೂರು ಸೀಮೆಯ ಬಿಸಿಲನ್ನು ಯಾರಿಗೂ ಬಣ್ಣಿಸಬೇಕಾಗಿಲ್ಲ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವುದು ವಾಡಿಕೆ. ಹಿರಿಯರು ಇದನ್ನು ತಿಳಿದೇ ಮನೆ ಕಟ್ಟಿದರು. ದೇವದುರ್ಗದ ಕಡೆ ಹಳೇ ಮನೆ ಹೊಕ್ಕು ನೋಡ್ರಿ. ದಪ್ಪ ಕಲ್ಲುಮಣ್ಣಿನ ಗೋಡೆ, ತೊಲೆ ಜಂತೆ ಮೇಲೆ ಮಣ್ಣಿನ ಮಾಳಿಗೆ, ನಡುವೆ ಬೆಳಕಿಂಡಿ. ಹಗಲಿನ ಕಾವು ಆ ಗೋಡೆ ದಾಟಿ ಒಳಗೆ ಬರುವಷ್ಟರಲ್ಲಿ ಹೊತ್ತು ಮುಳುಗಿರುತ್ತದೆ. ಒಳಗಿನ ಬಿಸಿಗಾಳಿ ಬೆಳಕಿಂಡಿಯಿಂದ ಮೇಲಕ್ಕೆ ಹೋಗುತ್ತದೆ. ಹಾಗಂತ ಎಲ್ಲರೂ ಮಣ್ಣಿನ ಮನೆಗೆ ಹೋಗೋಣ ಎಂದು ನಾವು ಹೇಳುವುದಿಲ್ಲ. ಮಳೆಗಾಲದ ಸೋರಿಕೆ, ಇಲಿ ಹೆಗ್ಗಣ, ವರ್ಷಾವರ್ಷ ಮಣ್ಣು ಹಾಕುವ ಕಷ್ಟ ನಮ್ಮ ಹೆಣ್ಣುಮಕ್ಕಳಿಗೆ ಗೊತ್ತು.

ತುಂಗಭದ್ರಾ ಎಡದಂಡೆ ಕಾಲುವೆ ನೀರು ಬಂದು ಮಾನ್ವಿ ಕಡೆ ಭತ್ತ ಬೆಳೆದ ಮೇಲೆ ಕೈಯಲ್ಲಿ ನಾಲ್ಕು ಕಾಸು ಆಡಿ, ಆರ್.ಸಿ.ಸಿ. ಮನೆಗಳು ಎದ್ದವು. ತೆಳು ಗೋಡೆ, ಪಡುವಣಕ್ಕೆ ದೊಡ್ಡ ಕಿಟಕಿ. ಸ್ಲ್ಯಾಬು ಹಗಲೆಲ್ಲ ಕಾದು ನಡುರಾತ್ರಿಯವರೆಗೂ ಕೆಳಗೆ ಕಾವು ಸುರಿಯುತ್ತದೆ. ತಗಡಿನ ಮನೆಯ ಬಡವರ ಪಾಡು ಕೇಳುವುದೇ ಬೇಡ. ಆಮೇಲೆ ಕೂಲರ್ ತರುವುದು. ಅದಕ್ಕೆ ನೀರೂ ಬೇಕು, ಕರೆಂಟೂ ಬೇಕು. 2023ರಲ್ಲಿ ಬಂದ ಗೃಹಜ್ಯೋತಿಯಲ್ಲಿ 200 ಯೂನಿಟ್ ದಾಟಿದ ತಿಂಗಳು ಪೂರ್ತಿ ಬಿಲ್ಲು ನಮ್ಮದೇ. ಶಕ್ತಿನಗರದ ಸ್ಥಾವರ 1985ರಿಂದ ನಮ್ಮ ಮಗ್ಗುಲಲ್ಲೇ ಇದ್ದರೂ, ಮಟಮಟ ಮಧ್ಯಾಹ್ನ ಕರೆಂಟು ಹೋದಾಗ ತೊಟ್ಟಿಲ ಕೂಸಿಗೂ ಹಾಸಿಗೆ ಹಿಡಿದ ಮುದುಕರಿಗೂ ಮನೆಯೇ ನೆರಳಾಗಬೇಕು.

ಕಟ್ಟಿದ ಮೇಲೆ ಗೋಡೆ ತಿರುಗಿಸಲು ಬರುವುದಿಲ್ಲ. ತಿದ್ದುವುದಿದ್ದರೆ ಪರವಾನಗಿ ಕೇಳುವಾಗಲೇ. 1993ರ ಪಂಚಾಯತ್ ರಾಜ್ ಕಾಯ್ದೆಯ 64ನೇ ಪ್ರಕರಣದಂತೆ ಹಳ್ಳಿಯಲ್ಲಿ ಮನೆ ಕಟ್ಟಲು ಗ್ರಾಮ ಪಂಚಾಯತಿಯ ಅನುಮತಿ ಬೇಕು. ದೇವದುರ್ಗ, ಮಾನ್ವಿ ಪಟ್ಟಣದಲ್ಲಿ ಅದು ಪುರಸಭೆಯ ಕೆಲಸ. ಉತಾರ, ತೆರಿಗೆ ರಸೀದಿ, ನಕಾಶೆ ಕೇಳುತ್ತಾರೆ. ಗಾಳಿ ನೆರಳಿನ ಮಾತು ಯಾರೂ ಎತ್ತುವುದಿಲ್ಲ. ಕೇಂದ್ರದವರು 2018ರಲ್ಲಿ ಇಕೋ ನಿವಾಸ ಸಂಹಿತೆ ಎಂದು ಮನೆಗಳಿಗಾಗಿಯೇ ನಿಯಮ ಮಾಡಿದರು. ಅದು 500 ಚದರ ಮೀಟರ್ ಮತ್ತು ಮೇಲ್ಪಟ್ಟ ನಿವೇಶನಕ್ಕೆ. ನಮ್ಮ ಮೂವತ್ತು ನಲವತ್ತರ ಜಾಗ ಸುಮಾರು 111 ಚದರ ಮೀಟರ್! ಕೃಷ್ಣೆ ದಾಟಿದರೆ ತೆಲಂಗಾಣ. ಅಲ್ಲಿನ ಸರ್ಕಾರ 2023ರಲ್ಲಿ ತಂಪು ಮಾಳಿಗೆ ನೀತಿ ತಂದು ಸರ್ಕಾರಿ ಕಟ್ಟಡಗಳಿಗೆ ಕಡ್ಡಾಯ ಮಾಡಿತು. ಮಾಳಿಗೆ ಬೆಳ್ಳಗಿದ್ದರೆ ಬಿಸಿಲು ಬಂದ ದಾರಿ ಹಿಡಿಯುತ್ತದೆ, ಮರ್ಮ ಅಷ್ಟೇ. ನಮ್ಮಲ್ಲಿ ಸುಣ್ಣಕ್ಕೇನು ಬರವೆ?

ಪಂಚಾಯತಿಗೆ ನಾವು ಕೇಳುವುದು ಬಹಳಿಲ್ಲ. ನಕಾಶೆಯಲ್ಲಿ ದಿಕ್ಕು ತೋರಿಸಿರಬೇಕು. ಉದ್ದ ಗೋಡೆ ಆದಷ್ಟು ಉತ್ತರ ದಕ್ಷಿಣಕ್ಕೆ ಮುಖ ಮಾಡಿರಲಿ, ಕಿಟಕಿ ಎದುರುಬದುರು ಇರಲಿ. ದಕ್ಷಿಣದ ಬಿಸಿಲಿಗೆ ಸಜ್ಜಾ ಸಾಕು. ಪಡುವಣದ್ದು ಇಳಿಬಿಸಿಲು, ಸಜ್ಜಾಕ್ಕೆ ಬಗ್ಗದು, ಅಲ್ಲಿ ಬೇವಿನ ಗಿಡವೇ ಬೇಕು. (ವಾಸ್ತು ನೋಡುವವರು ಬಾಗಿಲಿಗೆ ಕೊಡುವ ಲಕ್ಷ್ಯ ಕಿಟಕಿಗೂ ಕೊಡಲಿ.) ಓಣಿ ಇಕ್ಕಟ್ಟಾಗಿ ಮನೆ ತಿರುಗಿಸಲು ಬಾರದಿದ್ದರೆ ಮಾಳಿಗೆಗೆ ಸುಣ್ಣವಾದರೂ ಬೀಳಲಿ. ಹೀಗೆ ಕಟ್ಟಿದವರಿಗೆ ಪರವಾನಗಿ ಶುಲ್ಕದಲ್ಲಿ ರಿಯಾಯಿತಿ ಕೊಡಲಿ. ದಂಡ ಮಾತ್ರ ಬೇಡ. ದಂಡ ಅಂದರೆ ಮೊದಲು ಸಿಗುವವನು ಬಡವ.

ಸಂಘದ ಕಚೇರಿಯ ಸ್ಲ್ಯಾಬಿಗೆ ಬರುವ ಯುಗಾದಿಯೊಳಗೆ ಸುಣ್ಣ ಹೊಡೆಸುವ ಮಾತನ್ನು ಆಡಳಿತ ಮಂಡಳಿಯ ಮುಂದೆ ಇಟ್ಟಿದ್ದೇವೆ. ಮುಂದಿನ ಗ್ರಾಮಸಭೆಯಲ್ಲಿ ಮಂಡಿಸುವ ಠರಾವಿನ ಕಾಗದ ಕಾರ್ಯದರ್ಶಿಗಳ ಹತ್ತಿರ ಐತಿ. ಓದಿ, ಒಪ್ಪಿಗೆಯಾದವರು ಊಟಕ್ಕೆ ಏಳುವ ಮೊದಲು ಸಹಿ ಮಾಡ್ರಿ.